ಎಷ್ಟು ಸಂಬಳ ಸಾಕು?

ಒಂದು ರಾಜ್ಯದಲ್ಲಿ ಇಂತಿಷ್ಟು ಸಂಬಳಕ್ಕೆ ನೆಮ್ಮದಿಯಾಗಿ ಬದುಕಬಹುದೇ ಎಂದು ಕೇಳಿದಾಗ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಂತಾಗುತ್ತದೆ. ಬಾಡಿಗೆ, ದಿನಸಿ, ಹಾಲು, ಶಾಲೆಯ ಫೀಸು, ಔಷಧಿ, ಓಡಾಟ ಇವಕ್ಕೆಲ್ಲ ತಿಂಗಳಿಗೆ ಎಷ್ಟಾಗುತ್ತದೆ ಎಂಬುದು ಒಂದು. ಅದು ಲೆಕ್ಕದ ಪ್ರಶ್ನೆ. ಇವುಗಳಲ್ಲಿ ಯಾವುದು ಬೇಕೇ ಬೇಕು, ಯಾವುದು ಇಲ್ಲದೆಯೂ ನಡೆದೀತು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಇನ್ನೊಂದು. ಅದು ಧರ್ಮದ, ತತ್ತ್ವದ ಪ್ರಶ್ನೆ. ಎರಡನೆಯದನ್ನು ಬದಿಗಿಟ್ಟು ಮೊದಲನೆಯದನ್ನು ಬಿಡಿಸಲು ಹೊರಟವರು ಕೊನೆಗೆ ಎರಡನೆಯದಕ್ಕೂ ಸದ್ದಿಲ್ಲದೆ ಉತ್ತರ ಕೊಟ್ಟಿರುತ್ತಾರೆ. ಯಾವ ಖರ್ಚನ್ನು ಪಟ್ಟಿಗೆ ಸೇರಿಸಿದರು, ಯಾವುದನ್ನು ಬಿಟ್ಟರು ಎಂಬುದರಲ್ಲೇ ಆ ಉತ್ತರ ಅಡಗಿರುತ್ತದೆ.

ಲೆಕ್ಕದ ಭಾಗವೂ ತೋರುವಷ್ಟು ಸಲೀಸಲ್ಲ. ಖಾಸಗಿ ಕಂಪನಿಗಳು ನೇಮಕಾತಿ ಪತ್ರದಲ್ಲಿ ಬರೆಯುವ ಸಿಟಿಸಿ ಎಂಬ ಮೊತ್ತ ಕೈಗೆ ಬರುವ ಸಂಬಳವಲ್ಲ. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಶೇ 12ರ ಪಾಲು, ಗ್ರಾಚ್ಯುಟಿಗೆಂದು ತೆಗೆದಿಡುವ ಹಣ, ಕೆಲವೆಡೆ ವಿಮೆಯ ಕಂತು ಕೂಡ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಅದರ ಮೇಲೆ ನೌಕರರ ಪಾಲಿನ ಶೇ 12 ಬೇರೆ ಕಡಿತವಾಗುತ್ತದೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ದಾಟಿದ ಸಂಬಳಕ್ಕೆ ಹೆಚ್ಚಿನ ತಿಂಗಳುಗಳಲ್ಲಿ 200 ರೂಪಾಯಿ ವೃತ್ತಿ ತೆರಿಗೆಯೂ ಇದೆ. ಹಾಗಾಗಿ ಪೇ ಸ್ಲಿಪ್ಪಿನ ಕೊನೆಯ ಸಾಲಿನಲ್ಲಿರುವ ಮೊತ್ತವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ರಾಜ್ಯವನ್ನು ಅಳತೆಯ ಘಟಕವಾಗಿ ಹಿಡಿಯುವುದರಲ್ಲೇ ಒಂದು ತೊಡಕಿದೆ. ಬೆಂಗಳೂರಿನ ವೈಟ್‌ಫೀಲ್ಡೂ ಯಾದಗಿರಿಯ ಹಳ್ಳಿಯೂ ಒಂದೇ ರಾಜ್ಯದಲ್ಲಿವೆ. ಸರ್ಕಾರಕ್ಕೂ ಇದು ಗೊತ್ತು. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆಗಾಗಿ ಊರುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ. ಬೆಂಗಳೂರು ಮೊದಲ ದರ್ಜೆಯಲ್ಲಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಎರಡನೆಯದರಲ್ಲಿ. ಏಳನೇ ವೇತನ ಆಯೋಗದ ನಂತರ ಈ ಭತ್ಯೆ ಮೂಲ ವೇತನದ ಶೇ 24, 16 ಮತ್ತು 8 ಎಂದು ಶುರುವಾಯಿತು. ಅಂದರೆ ಅದೇ ಹುದ್ದೆಯ ನೌಕರನಿಗೆ ಬೆಂಗಳೂರಿನಲ್ಲಿ ತಲೆಯ ಮೇಲೆ ಸೂರು ಹೊಂದಿಸಿಕೊಳ್ಳಲು ಸಣ್ಣ ಊರಿನ ಮೂರರಷ್ಟು ಭತ್ಯೆ ಬೇಕೆಂದು ಆಯೋಗವೇ ಒಪ್ಪಿಕೊಂಡಿತು. ರಾಜ್ಯದ ಕನಿಷ್ಠ ವೇತನದ ಅಧಿಸೂಚನೆಗಳೂ ಊರುಗಳನ್ನು ವಲಯಗಳಾಗಿ ಒಡೆದು ದರ ಗೊತ್ತುಮಾಡುತ್ತವೆ.

ಬೆಂಗಳೂರಿನ ಬಾಡಿಗೆಯನ್ನು ಹತ್ತಿರದಿಂದ ನೋಡಿದರೆ ತಿಂಗಳ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದು ಕಾಣುತ್ತದೆ. ಕೈಗೆ 40,000 ರೂಪಾಯಿ ಬರುವ ಕುಟುಂಬವೊಂದು 15,000 ರೂಪಾಯಿ ಬಾಡಿಗೆಯ ಮನೆ ಹಿಡಿಯಿತು ಎಂದಿಟ್ಟುಕೊಳ್ಳೋಣ. ಊರಿನ ಹಳೆಯ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಒಂದೂವರೆ ಲಕ್ಷ ರೂಪಾಯಿ ಮೊದಲ ದಿನವೇ ಮನೆ ಮಾಲೀಕರ ಕೈಸೇರುತ್ತದೆ. ಬಿಡುವಾಗ ಬಣ್ಣದ ಖರ್ಚು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಬಡ್ಡಿಯ ಮಾತಿಲ್ಲ. ಭೋಗ್ಯದ ಮನೆಯದು ಇನ್ನೊಂದು ಬಗೆ. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು ಕರಾರಿನ ಅವಧಿಯವರೆಗೆ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಕೊಟ್ಟಷ್ಟನ್ನೇ ವಾಪಸು ಪಡೆಯುವುದು ಅದರ ಕ್ರಮ. ಮನೆಯ ಡೈರಿಯಲ್ಲಿ ಬಾಡಿಗೆಯ ಕಾಲಂ ಖಾಲಿ. ಆದರೆ ಆ ಹಣ ಚೀಟಿ ಎತ್ತಿ, ಒಡವೆ ಅಡವಿಟ್ಟು ತಂದದ್ದಾದರೆ ಬಾಡಿಗೆ ಬೇರೆ ವೇಷದಲ್ಲಿ ಹೋಗುತ್ತಲೇ ಇರುತ್ತದೆ.

ಇದಕ್ಕೆ ಎದುರಾಗಿ, ಸಂಬಳ ಹೊರದ ಖರ್ಚುಗಳೂ ಇವೆ. 2023ರಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ, 200 ಯೂನಿಟ್ ಒಳಗಿನ ಬಳಕೆಗೆ ಮಿತಿಗೊಳಪಟ್ಟು ಉಚಿತ ವಿದ್ಯುತ್, ಅರ್ಹ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಿಗುತ್ತಿವೆ. ಊರಿನಿಂದ ವರ್ಷದ ರಾಗಿಯೋ ಜೋಳವೋ ಬರುವ ಮನೆ, ಮಗುವನ್ನು ನೋಡಿಕೊಳ್ಳುವ ಅಜ್ಜಿಯಿರುವ ಮನೆ, ಒಳ್ಳೆಯ ಸರ್ಕಾರಿ ಶಾಲೆ ಹತ್ತಿರವಿರುವ ಮನೆ ಅದೇ ಸಂಬಳದಲ್ಲಿ ಬೇರೆಯೇ ಬಾಳು ಬಾಳುತ್ತದೆ. ಸಂಬಳ ಸಾಕಾಗುತ್ತದೆಯೇ ಎಂಬುದು ಸಂಬಳವನ್ನಷ್ಟೇ ಕುರಿತ ಪ್ರಶ್ನೆಯಲ್ಲ, ಆ ಸಮಾಜ ಯಾವ ಭಾರವನ್ನು ಒಟ್ಟಾಗಿ ಹೊರಲು ಒಪ್ಪಿದೆ ಎಂಬುದನ್ನು ಕುರಿತದ್ದೂ ಹೌದು.

ಸರಾಸರಿ ಖರ್ಚಿನ ಅಂಕಿಗಳನ್ನು ನೋಡಿ ತೀರ್ಪು ಕೊಡುವುದು ಸಾಮಾನ್ಯ ರೂಢಿ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಲಾ ತಿಂಗಳ ವೆಚ್ಚ ಹಳ್ಳಿಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಈ ಅಂಕಿ ಉಪಯುಕ್ತವೇನೋ ಹೌದು, ಆದರೆ ಅದು ಹೇಳುವುದು ಜನ ಎಷ್ಟು ಖರ್ಚು ಮಾಡಿದರು ಎಂಬುದನ್ನು ಮಾತ್ರ. ಕಡಿಮೆ ಸಂಬಳದ ಮನೆ ಬೇಳೆ ಕಡಿಮೆ ಹಾಕಿ ಸಾರನ್ನು ತೆಳ್ಳಗೆ ಮಾಡುತ್ತದೆ, ಹಲ್ಲುನೋವನ್ನು ಸಹಿಸಿಕೊಂಡು ಮುಂದೂಡುತ್ತದೆ. ಹಾಗೆ ಮುಂದೂಡಿದ ಖರ್ಚು ಯಾವ ಸಮೀಕ್ಷೆಯಲ್ಲೂ ದಾಖಲಾಗುವುದಿಲ್ಲ. ತಿಂಗಳ ಕೊನೆಗೆ ಆದಾಯವೂ ಖರ್ಚೂ ಸರಿಹೋಯಿತು ಎಂಬ ಮಾತ್ರಕ್ಕೆ ಸಂಬಳ ಸಾಕಾಯಿತು ಎಂದು ಅರ್ಥವಲ್ಲ. ಬಡವರ ಮನೆಯಲ್ಲಿ ಅದು ಸರಿಹೋಗಲೇಬೇಕು, ಇಲ್ಲವಾದರೆ ಸಾಲ.

ಹಾಗಾದರೆ ಖರ್ಚಿನ ಬದಲು ಅಗತ್ಯವನ್ನೇ ಅಳೆಯಬಹುದಲ್ಲವೇ? ಈ ಪ್ರಯತ್ನದ ಇತಿಹಾಸ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಯಾರ್ಕ್ ನಗರದ ಬಡತನವನ್ನು ಅಳೆದು 1901ರಲ್ಲಿ ಪುಸ್ತಕ ಪ್ರಕಟಿಸಿದ ಸೀಬೋಮ್ ರೌಂಟ್ರಿ ದೇಹದ ಕಸುವು ಉಳಿಯಲು ಬೇಕಾದಷ್ಟನ್ನು ಮಾತ್ರ ಲೆಕ್ಕ ಹಾಕಿದ. ಅವನ ಪಟ್ಟಿಯ ಮೇಲೆ ಬದುಕುವ ಕುಟುಂಬ ಬಸ್ಸು ಹತ್ತುವಂತಿಲ್ಲ, ಪತ್ರಿಕೆ ಕೊಳ್ಳುವಂತಿಲ್ಲ, ದೂರದ ಮಕ್ಕಳಿಗೆ ಕಾಗದ ಬರೆಯಲು ಅಂಚೆಚೀಟಿ ಕೊಳ್ಳುವಂತಿಲ್ಲ. ಇದು ಬದುಕಲ್ಲ ಎಂಬುದು ರೌಂಟ್ರಿಗೇ ಗೊತ್ತಿತ್ತು. ಇಷ್ಟೂ ಸಿಗದವರು ಎಷ್ಟು ಜನರಿದ್ದಾರೆ ಎಂದು ತೋರಿಸುವುದಕ್ಕೇ ಅವನು ಅಷ್ಟು ಬಿಗಿಯಾದ ಗೆರೆ ಎಳೆದದ್ದು. 1936ರ ಎರಡನೆಯ ಸಮೀಕ್ಷೆಯ ಹೊತ್ತಿಗೆ ಅವನ ಪಟ್ಟಿಯಲ್ಲಿ ಪತ್ರಿಕೆಗೂ ರೇಡಿಯೋಗೂ ಜಾಗ ಸಿಕ್ಕಿತ್ತು.

ಭಾರತದಲ್ಲಿ ಇದೇ ಕೆಲಸವನ್ನು 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಮಾಡಿತು. ಕೂನೂರಿನ ಪೌಷ್ಟಿಕತೆ ಸಂಶೋಧನಾಲಯದ ನಿರ್ದೇಶಕನಾಗಿದ್ದ ವ್ಯಾಲೇಸ್ ಆಯ್ಕ್ರಾಯ್ಡ್ ಹೇಳಿದಂತೆ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲರಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಮನೆಗೆ ತಗಲುವಷ್ಟು ಬಾಡಿಗೆ, ಸೌದೆ-ದೀಪ ಮತ್ತು ಇತರೆಗೆ ಒಟ್ಟು ಕನಿಷ್ಠ ವೇತನದ ಶೇ 20. ಇದು ಆ ಸೂತ್ರ. ದೇಹ ಮುಚ್ಚಿ, ಹೊಟ್ಟೆ ತುಂಬಿ, ದೀಪ ಹಚ್ಚಿದರೆ ಮುಗಿಯಿತು. ಮಗುವಿಗೆ ಜ್ವರ ಬರುವುದು, ಶಾಲೆಗೆ ಹೋಗುವುದು, ದೀಪಾವಳಿ ಬರುವುದು, ಮುಪ್ಪು ಬರುವುದು ಇವೆಲ್ಲ ‘ಇತರೆ’ಯ ಮೂಲೆಯಲ್ಲಿ ತೂರಿಕೊಳ್ಳಬೇಕಿತ್ತು. 34 ವರ್ಷಗಳ ನಂತರ, 1991ರಲ್ಲಿ, ರೆಪ್ಟಕೋಸ್ ಬ್ರೆಟ್ ಕಂಪನಿ ಮತ್ತು ಅದರ ಕಾರ್ಮಿಕರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಬಾಬನ್ನು ಸೇರಿಸಿತು. ಮಕ್ಕಳ ಓದು, ಔಷಧೋಪಚಾರ, ಹಬ್ಬ ಹರಿದಿನ ಸೇರಿದಂತೆ ಕನಿಷ್ಠ ಮನರಂಜನೆ, ಮುಪ್ಪಿನ ಕಾಲ, ಮದುವೆ ಇವಕ್ಕಾಗಿ ಒಟ್ಟು ಕನಿಷ್ಠ ವೇತನದ ಶೇ 25 ಇರಬೇಕೆಂದಿತು. 2016ರಿಂದ ಕೇಂದ್ರ ನೌಕರರಿಗೆ ಜಾರಿಯಾದ 18,000 ರೂಪಾಯಿ ಕನಿಷ್ಠ ಮೂಲ ವೇತನಕ್ಕೂ ಇದೇ ಸೂತ್ರ ಆಧಾರ.

ಹಬ್ಬ ಮತ್ತು ಮದುವೆ ಕನಿಷ್ಠ ವೇತನದೊಳಗೆ ಬಂದದ್ದು ಸಣ್ಣ ಸಂಗತಿಯಲ್ಲ. ನಮ್ಮ ಕಡೆಯ ಮುಯ್ಯಿಯನ್ನೇ ನೋಡಬಹುದು. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದವರು ಲಕೋಟೆಯಲ್ಲಿಟ್ಟು ಕೊಡುವ ಹಣವನ್ನು ಮನೆಯವರು ನೋಟ್‌ಬುಕ್ಕಿನಲ್ಲಿ ಹೆಸರು ಸಮೇತ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸಬೇಕು. ದೇಹದ ಕಸುವಿಗೂ ಮುಯ್ಯಿಗೂ ಸಂಬಂಧವಿಲ್ಲ. ಆದರೆ ಮುಯ್ಯಿ ಹಾಕಲಾಗದ ಮನೆ ಮೆಲ್ಲಗೆ ಕಾರ್ಯಗಳಿಗೆ ಹೋಗುವುದನ್ನೇ ಬಿಡುತ್ತದೆ. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಹೇಳಿದ್ದು ಇದನ್ನೇ. ನಾರುಬಟ್ಟೆಯ ಅಂಗಿ ಜೀವ ಉಳಿಸುವ ವಸ್ತುವಲ್ಲ, ಗ್ರೀಕರೂ ರೋಮನರೂ ಅದಿಲ್ಲದೆ ಸುಖವಾಗಿಯೇ ಇದ್ದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ಅದಿಲ್ಲದೆ ಕೂಲಿಯವನೂ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯ ವಸ್ತುವೇ ಎಂದ. ಅಮರ್ತ್ಯ ಸೇನ್ ಈ ಉದಾಹರಣೆಯನ್ನು ಎತ್ತಿಕೊಂಡು ಮುಂದೆ ಬೆಳೆಸಿದರು. ನಾಚಿಕೆಯಿಲ್ಲದೆ ಓಡಾಡುವ ಶಕ್ತಿ ಎಲ್ಲ ಊರಿನವರಿಗೂ ಒಂದೇ, ಅದಕ್ಕೆ ಬೇಕಾದ ಸಾಮಾನು ಮಾತ್ರ ಊರೂರಿಗೆ ಬೇರೆ ಎಂಬುದು ಅವರ ನಿಲುವು. ಈಗ ಸ್ಮಾರ್ಟ್‌ಫೋನನ್ನು ಶೋಕಿಯ ಪಟ್ಟಿಗೆ ಸೇರಿಸುವವರು, ಶಾಲೆಯ ಹೋಂವರ್ಕು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವುದನ್ನು ಮರೆತಿರುತ್ತಾರೆ.

ಅಗತ್ಯ ಹೀಗೆ ಬೆಳೆಯುತ್ತಲೇ ಹೋದರೆ ಅದಕ್ಕೆ ಎಲ್ಲೆ ಎಲ್ಲಿ? ಧಾರ್ಮಿಕ ಪರಂಪರೆಗಳು ಕೈಹಾಕಿದ್ದು ಈ ಪ್ರಶ್ನೆಗೆ. ಅವುಗಳ ಉತ್ತರಗಳು ಒಂದೇ ಬಗೆಯವಲ್ಲ. ಅಳೆಯುವ ಮಾನವೇ ಬೇರೆ ಬೇರೆ.

ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಬ್ರಾಹ್ಮಣ ಗೃಹಸ್ಥನ ಸಂಗ್ರಹವನ್ನು ಕಾಲದಿಂದ ಅಳೆಯುತ್ತದೆ. ಕಣಜ ತುಂಬ ಧಾನ್ಯವಿರುವವನು, ಮಡಕೆ ತುಂಬ ಇರುವವನು, ಮೂರು ದಿನಕ್ಕಾಗುವಷ್ಟು ಇರುವವನು, ನಾಳೆಗೆಂದು ಏನೂ ಇಲ್ಲದವನು. ಈ ನಾಲ್ವರಲ್ಲಿ ಹಿಂದಿನವನಿಗಿಂತ ಮುಂದಿನವನು ಮೇಲು ಎನ್ನುತ್ತದೆ ಅದು. ಸಂಬಳದ ಬದುಕಿಗೂ ಇದು ಒಳ್ಳೆಯ ಅಳತೆಗೋಲೇ: ಮುಂದಿನ ತಿಂಗಳಿನಿಂದ ಸಂಬಳ ನಿಂತರೆ ಮನೆ ಎಷ್ಟು ದಿನ ನಡೆದೀತು? ಆದರೆ ಶ್ರೇಷ್ಠತೆಯ ಕ್ರಮವನ್ನು ಮಾತ್ರ ತಿರುಗಿಸಬೇಕಾಗುತ್ತದೆ. ನಾಳೆಗಿಲ್ಲದವನನ್ನು ಪೋಷಿಸುವುದು ಪುಣ್ಯವೆಂದು ನಂಬಿದ್ದ ಊರು ಆ ಆದರ್ಶದ ಹಿಂದಿತ್ತು. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬಿಡಿಸಿ ಕಳಿಸಿದ ಹೆಣ್ಣುಮಗಳ ಹಿಂದೆ ಅಂಥ ಊರಿಲ್ಲ, ತಿಂಗಳ ಐದನೇ ತಾರೀಖಿಗೆ ಬಾಗಿಲು ತಟ್ಟುವ ಮನೆ ಮಾಲೀಕರಿದ್ದಾರೆ.

ಜೈನ ಗೃಹಸ್ಥನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವುಗಳಿಗೆ ಅವನು ತಾನೇ ಒಂದು ಮಿತಿ ಗೊತ್ತುಮಾಡಿಕೊಳ್ಳಬೇಕು. ಅದನ್ನು ದಾಟುವುದು ವ್ರತಕ್ಕೆ ಅತಿಚಾರ. ಇಲ್ಲಿ ಗಮನಿಸಬೇಕಾದದ್ದು ಮಿತಿಯ ಗಾತ್ರವಲ್ಲ, ಅದನ್ನು ಹಾಕುವ ಹೊತ್ತು. ಬಂದ ಮೇಲೆ ಸಾಕೋ ಬೇಕೋ ಎಂದು ಯೋಚಿಸಿದರೆ ಮನಸ್ಸು ಬೇಕು ಎಂದೇ ಹೇಳುತ್ತದೆ. ಆದ್ದರಿಂದ ಬರುವ ಮೊದಲೇ ಗೆರೆ ಎಳೆಯಬೇಕು. ವ್ಯಾಪಾರವನ್ನೇ ಕಸುಬಾಗಿ ಹಿಡಿದವರು ಹೆಚ್ಚಾಗಿದ್ದ ಸಮುದಾಯದಲ್ಲಿ ಈ ವ್ರತ ಬೇರೂರಿದ್ದು ಅಚ್ಚರಿಯೇನಲ್ಲ, ಅಪಾಯ ಎಲ್ಲಿದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರದು ಇನ್ನೊಂದು ದಾರಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಹಾಕಿ ಬಾ ಎಂದು ವಾಪಸು ಕಳಿಸಿದಳು ಎಂಬುದು ಪರಂಪರೆ ಹೇಳುವ ಕಥೆ. ಈ ಕಥೆಯನ್ನು ಅಲ್ಪತೃಪ್ತಿಯ ಪಾಠವಾಗಿ ಹೇಳುವುದು ರೂಢಿ. ಆದರೆ ಅದರ ಇನ್ನೊಂದು ಮಗ್ಗುಲು ಹೆಚ್ಚು ಮುಖ್ಯ. ದಿನನಿತ್ಯದ ಆ ಅಕ್ಕಿಯಲ್ಲೇ ಜಂಗಮ ದಾಸೋಹವೂ ನಡೆಯುತ್ತಿತ್ತು. ಅಂದರೆ ಲಕ್ಕಮ್ಮನ ಅಳತೆಯೊಳಗೆ ಇನ್ನೊಬ್ಬರಿಗೆ ಬಡಿಸುವುದೂ ಸೇರಿತ್ತು. ತಾವು ಉಂಡು ಮಿಕ್ಕಿದ್ದನ್ನು ಕೊಡುವ ಲೆಕ್ಕ ಅದಲ್ಲ, ಕೊಡುವುದನ್ನು ಸೇರಿಸಿಯೇ ಆ ದಿನದ ಅಗತ್ಯ. ಇಸ್ಲಾಮಿನ ಝಕಾತ್ ಇದನ್ನು ಬೇರೆ ಕ್ರಮದಲ್ಲಿ ಇಡುತ್ತದೆ. ವಾಸದ ಮನೆ, ಉಡುವ ಬಟ್ಟೆ, ಕಸುಬಿನ ಸಲಕರಣೆ ಇಂಥ ಮೂಲ ಅಗತ್ಯಗಳನ್ನು ಹೊರಗಿಟ್ಟು, ಉಳಿದ ಸಂಪತ್ತು ನಿಸಾಬ್ ಎಂಬ ಮಟ್ಟ ಮುಟ್ಟಿ ಒಂದು ಚಾಂದ್ರ ವರ್ಷ ನಿಂತಿದ್ದರೆ ಅದರ ಶೇ 2.5 ಕೊಡಬೇಕು. ಇಲ್ಲಿ ಅಗತ್ಯ ಮೊದಲು, ದಾನ ಆಮೇಲೆ. ನಿಸಾಬ್ ಮುಟ್ಟದವನ ಮೇಲೆ ಈ ಕಡ್ಡಾಯವಿಲ್ಲ. ಬಡವನಿಗೆ ಕೊಡುವ ಭಾರ ಹೊರಿಸದಿರುವ ಈ ವಿವೇಕಕ್ಕೂ ಬಡವನಿಗೂ ಕೊಡುವ ಘನತೆಯುಂಟು ಎನ್ನುವ ಶರಣರ ನೋಟಕ್ಕೂ ರಾಜಿ ಮಾಡಿಸುವುದು ಸುಲಭವಲ್ಲ, ಮಾಡಿಸಬೇಕೆಂದೂ ಇಲ್ಲ.

ಸಂಬಳದಾರನಿಗೆ ಎಲ್ಲಕ್ಕಿಂತ ನೇರವಾಗಿ ಬಳಕೆಗೆ ಬರುವುದು ಬುದ್ಧ ಶ್ರಾವಸ್ತಿಯ ವರ್ತಕ ಅನಾಥಪಿಂಡಿಕನಿಗೆ ಹೇಳಿದನೆಂದು ಅಂಗುತ್ತರ ನಿಕಾಯದಲ್ಲಿ ಬರುವ ಮಾತು. ಗೃಹಸ್ಥನ ಸುಖ ನಾಲ್ಕು ಬಗೆ: ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಮತ್ತು ಒಳ್ಳೆಯದಕ್ಕೆ ಬಳಸುವ ಸುಖ, ಯಾರಿಗೂ ಸಾಲವಿಲ್ಲದ ಸುಖ, ನಿರ್ದೋಷಿಯಾಗಿರುವ ಸುಖ. ನಾಲ್ಕನೆಯದಕ್ಕೆ ಉಳಿದ ಮೂರೂ ಸೇರಿ ಹದಿನಾರರಲ್ಲಿ ಒಂದು ಪಾಲೂ ಆಗವು ಎಂದೂ ಅಲ್ಲಿ ಹೇಳಿದೆ. ಈ ನಾಲ್ಕನ್ನು ಪೇ ಸ್ಲಿಪ್ಪಿನ ಪಕ್ಕದಲ್ಲಿಟ್ಟು ನೋಡಿದರೆ, ಲಕ್ಷ ರೂಪಾಯಿ ಸಂಬಳದಲ್ಲಿ ಅರವತ್ತು ಸಾವಿರ ಮನೆ ಸಾಲ, ಕಾರು ಸಾಲದ ಕಂತಿಗೆ ಹೋಗುವ ಮನೆಗೆ ಮೊದಲನೆಯ ಸುಖವಿದೆ, ಮೂರನೆಯದಿಲ್ಲ. ಸಂಬಳ ಚೆನ್ನಾಗಿದ್ದೂ ದಿನಕ್ಕೆ ನಾಲ್ಕು ತಾಸು ಟ್ರಾಫಿಕ್ಕಿನಲ್ಲಿ ಕಳೆದು ಮಗು ಮಲಗಿದ ಮೇಲೆ ಮನೆ ಸೇರುವವರಿಗೆ ಎರಡನೆಯದಿಲ್ಲ. ಲಂಚದಿಂದ ತಿಂಗಳು ತೂಗಿಸುವವರಿಗೆ ನಾಲ್ಕನೆಯದಿಲ್ಲ. ಸಂಬಳ ಸಾಲದೆ ಲಂಚ ತಿನ್ನುತ್ತಾರೆ ಎಂಬ ಸಮಜಾಯಿಷಿಯನ್ನು ಈ ಲೆಕ್ಕ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಸಾಲದಾಗಿರುವುದು ಬೇರೆಯದೇ ಆಗಿರುತ್ತದೆ.

ಇಷ್ಟು ಪರಂಪರೆಗಳು ಮಿತಿಯನ್ನು ಹೊಗಳಿರುವಾಗ ಒಂದು ಎಚ್ಚರ ಅಗತ್ಯ. ಇವೆಲ್ಲವೂ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಮಾತುಗಳು. ಜೈನ ಶ್ರಾವಕ ತನ್ನ ಮಿತಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ಲಕ್ಕಮ್ಮ ತನ್ನ ಮನೆಯ ಅಕ್ಕಿಯ ಬಗ್ಗೆ ಮಾತಾಡುತ್ತಾಳೆ. ಅದೇ ಮಾತನ್ನು ಸಂಬಳ ಕೊಡುವವನು ತೆಗೆದುಕೊಳ್ಳುವವನಿಗೆ ಹೇಳಿದರೆ ಅದು ಧರ್ಮವಾಗಿ ಉಳಿಯುವುದಿಲ್ಲ, ಕೂಲಿ ಕಡಿಮೆ ಮಾಡುವ ಉಪಾಯವಾಗುತ್ತದೆ. ಅಂಬೇಡ್ಕರ್ 1950ರಲ್ಲಿ ಬುದ್ಧ ಮತ್ತು ಅವನ ಧರ್ಮದ ಭವಿಷ್ಯದ ಬಗ್ಗೆ ಬರೆದ ಲೇಖನದಲ್ಲಿ ಧರ್ಮವೆನಿಸಿಕೊಳ್ಳುವುದಕ್ಕೆ ಇರಬೇಕಾದ ಲಕ್ಷಣಗಳನ್ನು ಹೇಳುತ್ತ, ಅದು ಬಡತನವನ್ನು ಪವಿತ್ರಗೊಳಿಸಬಾರದು ಎಂದರು. ಸಿರಿವಂತ ತಾನಾಗಿ ತೊರೆಯುವುದು ಬೇರೆ, ಇಲ್ಲದವನಿಗೆ ಇಲ್ಲದ್ದನ್ನೇ ಹೊಗಳಿ ಸಮಾಧಾನ ಹೇಳುವುದು ಬೇರೆ.

ಕೊಡುವವನ ಕಡೆಯಿಂದ ಪ್ರಶ್ನೆಗೆ ಬೇರೆ ಉತ್ತರ ಬೇಕು. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಂ ನೊವಾರುಂ’ ಪತ್ರ ಅದನ್ನು ಸ್ಪಷ್ಟವಾಗಿ ಹೇಳಿತು. ಕಾರ್ಮಿಕ ಒಪ್ಪಿ ಸಹಿ ಹಾಕಿದ್ದಾನೆ ಎಂಬ ಕಾರಣಕ್ಕೇ ಕೂಲಿ ನ್ಯಾಯವಾಗುವುದಿಲ್ಲ. ಮಿತವಾಗಿ ಬಾಳುವ ಕೂಲಿಕಾರನ ಜೀವನಕ್ಕೂ ಅದು ಸಾಲದೆಂದಾದರೆ ಆ ಒಪ್ಪಿಗೆ ಬಲವಂತದ್ದೇ. ಭಾರತದ ಸುಪ್ರೀಂ ಕೋರ್ಟು ದೆಹಲಿಯ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಇದೇ ತರ್ಕವನ್ನು ಸಂವಿಧಾನದ ಒಳಗಿನಿಂದ ಮುಟ್ಟಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು. 43ನೇ ವಿಧಿ ಇನ್ನೂ ಮುಂದೆ ಹೋಗಿ ಜೀವನ ವೇತನ, ಸಭ್ಯ ಬದುಕು, ಬಿಡುವು, ಸಾಮಾಜಿಕ ಮತ್ತು ಸಾಂಸ್ಕೃತಿಕ ಅವಕಾಶ ಇವೆಲ್ಲವನ್ನೂ ಎಲ್ಲ ದುಡಿಯುವವರಿಗೆ ಒದಗಿಸಲು ಸರ್ಕಾರ ಯತ್ನಿಸಬೇಕು ಎನ್ನುತ್ತದೆ. ರಾಜ್ಯನೀತಿಯ ನಿರ್ದೇಶಕ ತತ್ತ್ವವಾದ್ದರಿಂದ ಅದರ ಹೆಸರಿನಲ್ಲಿ ನೇರವಾಗಿ ದಾವೆ ಹೂಡುವಂತಿಲ್ಲ. ಆದರೂ ಬಿಡುವನ್ನು ಸಂಬಳದ ಮಾತಿನ ಜೊತೆಗೆ ಇಟ್ಟದ್ದರಲ್ಲಿ ಸಂವಿಧಾನ ರಚಿಸಿದವರ ನೋಟ ದೊಡ್ಡದು.

ಇನ್ನು ಒಂದು ಕಗ್ಗಂಟು ಉಳಿದಿದೆ: ಒಂದು ಸಂಬಳ ಎಷ್ಟು ಜನರಿಗೆ ಸಾಕಾಗಬೇಕು? 1957ರ ಸೂತ್ರ ದುಡಿಯುವ ಗಂಡಸನ್ನು ಒಂದು ಘಟಕ, ಹೆಂಡತಿಯನ್ನು 0.8, ಇಬ್ಬರು ಮಕ್ಕಳನ್ನು ತಲಾ 0.6 ಎಂದು ಹಿಡಿದು ಒಟ್ಟು ಮೂರು ಘಟಕಗಳ ಕುಟುಂಬವನ್ನು ಕಲ್ಪಿಸಿತು. ಅದರಲ್ಲಿ ಅಪ್ಪ ಅಮ್ಮಂದಿರಿಗೆ ಜಾಗವಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ ನೇಮಿಸಿದ್ದ ತಜ್ಞರ ಸಮಿತಿಯೊಂದು 2019ರಲ್ಲಿ ಇದನ್ನು 3.6 ಘಟಕಗಳಿಗೆ ಏರಿಸಲು ಸೂಚಿಸಿತ್ತು. ಮೂರು ಘಟಕಕ್ಕೆ ತಂದೆಯ ಒಂದು, ತಾಯಿಯ 0.8 ಸೇರಿಸಿದರೆ 4.8 ಆಗುತ್ತದೆ, ಅಂದರೆ ಆಹಾರದ ಅಗತ್ಯ ಶೇ 60ರಷ್ಟು ಏರುತ್ತದೆ. ವಯಸ್ಸಾದವರು ಕಡಿಮೆ ಉಣ್ಣುತ್ತಾರೆಂದು ಅದನ್ನು ಒಂದಿಷ್ಟು ಇಳಿಸಬಹುದು, ಆದರೆ ಬಿಪಿ, ಶುಗರ್ ಮಾತ್ರೆಗಳ ಖರ್ಚು ಆ ಉಳಿತಾಯವನ್ನು ನುಂಗುತ್ತದೆ.

ತಂದೆತಾಯಿಯನ್ನು ಸಲಹುವುದು ಋಣ ಎಂದು ಎಲ್ಲ ಪರಂಪರೆಗಳೂ ಹೇಳುತ್ತವೆ. ಕಾನೂನೂ ಹೇಳುತ್ತದೆ: 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ತಮ್ಮ ಖರ್ಚು ತಾವು ನೋಡಿಕೊಳ್ಳಲಾಗದ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು, ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದು. ಕರ್ನಾಟಕ ಸರ್ಕಾರ 2024ರ ಆಗಸ್ಟಿನಿಂದ ತನ್ನ ನೌಕರರಿಗೆ ಗೊತ್ತುಮಾಡಿದ ಕನಿಷ್ಠ ಮೂಲ ವೇತನ 27,000 ರೂಪಾಯಿ. ಕಾನೂನು ಹೊರಿಸಬಹುದಾದ ಗರಿಷ್ಠ ಭಾರ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು. ಸಂಬಳ ಗೊತ್ತುಮಾಡುವಾಗ ಕುಟುಂಬದಿಂದ ಹೊರಗಿಟ್ಟ ಅಪ್ಪ ಅಮ್ಮನನ್ನು ಜೀವನಾಂಶ ವಸೂಲಿಯ ಹೊತ್ತಿಗೆ ಅದೇ ವ್ಯವಸ್ಥೆ ಒಳಗೆ ಕರೆದುಕೊಳ್ಳುತ್ತದೆ. ಮಗನಿಗೆ ಮನಸ್ಸಿಲ್ಲದೆ ಕೊಡುತ್ತಿಲ್ಲವೋ, ಸೂತ್ರದಲ್ಲಿ ಅವರಿಗೆ ಅನ್ನವಿಟ್ಟಿಲ್ಲದ್ದರಿಂದ ಕೊಡಲಾಗುತ್ತಿಲ್ಲವೋ ಎಂಬುದನ್ನು ಪ್ರತಿ ಅರ್ಜಿಯಲ್ಲೂ ನ್ಯಾಯಮಂಡಳಿಯೇ ಬಿಡಿಸಿ ನೋಡಬೇಕಾಗುತ್ತದೆ.